ವಿದೇಶವೆಂದರೆ ಇಂಗ್ಲಿಷ್ ಎಂದು ಹೇಳಿದವರು ಯಾರು?

ಜೂನ್ ತಿಂಗಳು ಬಂತೆಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರಾದ ನಮಗೆ ಎರಡು ಕೆಲಸ. ಒಂದು, ಪ್ರವೇಶೋತ್ಸವಕ್ಕೆ ತೋರಣ ಕಟ್ಟುವುದು. ಇನ್ನೊಂದು, ಟಿ.ಸಿ. ಕೇಳಿಕೊಂಡು ಬಂದವರ ಹತ್ತಿರ ಕಾರಣ ವಿಚಾರಿಸುವುದು. ಮೊದಲೆಲ್ಲ ಸಿಗುತ್ತಿದ್ದ ಉತ್ತರ "ಶಾಲೆ ದೂರ ಆಗ್ತದೆ", "ಅವರ ವ್ಯಾನು ಮನೆ ಬಾಗಿಲಿಗೇ ಬರ್ತದೆ" ಎಂಬಂಥವು. ಈಗ ಕೇಳಿಬರುವುದು ಬೇರೆ. "ಮಾಷ್ಟ್ರೇ, ಇವನ ಮಾವ ಜರ್ಮನಿಯಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ, ಹೆಂಡತಿ ಮಕ್ಕಳೂ ಅಲ್ಲೇ. ಇವನೂ ನಾಳೆ ಹೊರಗೆ ಹೋಗಬೇಕಾದವ. ಕನ್ನಡದಲ್ಲಿ ಓದಿದರೆ ಆದೀತಾ?"

ಒಂದನೇ ಕ್ಲಾಸಿಗೆ ಸೇರಬೇಕಾದ ಮಗುವಿನ ಬಗ್ಗೆ ಈ ಮಾತು. ಹೋಗುವುದೇ ಆದರೆ ಇನ್ನೂ ಹದಿನೇಳು ಹದಿನೆಂಟು ವರ್ಷವಿದೆ. ಆದರೂ ಮೊದಲು ಬಿಡುವುದು ಕನ್ನಡ ಶಾಲೆಯನ್ನು. ಸ್ವಾಮಿ, ವಿದೇಶಕ್ಕೆ ಹೋಗಬೇಡಿ ಎಂದು ಹೇಳುವವರು ನಾವಲ್ಲ. ಗಲ್ಫಿಗೆ ಹೋದವರ ದುಡಿಮೆಯಿಂದ ಮನೆ ಕಟ್ಟಿಕೊಂಡ ಊರು ನಮ್ಮದು. ಹೋಗಲಿ, ಚೆನ್ನಾಗಿರಲಿ. ಆದರೆ ಹೋಗುವುದಕ್ಕೂ ಕನ್ನಡ ಶಾಲೆ ಬಿಡುವುದಕ್ಕೂ ಏನು ಸಂಬಂಧ? ಇದನ್ನು ಯಾರಾದರೂ ಕೂತು ಲೆಕ್ಕ ಹಾಕಿದ್ದಾರೆಯೇ?

ಲೆಕ್ಕ ಎಂದ ಮೇಲೆ ನಮ್ಮ ಶಾಲೆಯ ಲೆಕ್ಕವನ್ನೇ ಮೊದಲು ಹೇಳುತ್ತೇವೆ. ಕೇರಳದಲ್ಲಿ ಶಾಲೆ ಶುರುವಾದ ಆರನೇ ದಿನ ಮಕ್ಕಳ ತಲೆಯೆಣಿಕೆ. ಆ ದಿನದ ಸಂಖ್ಯೆಯ ಮೇಲೆ ಆ ವರ್ಷದ ಹುದ್ದೆಗಳ ತೀರ್ಮಾನ. ಎಲ್.ಪಿ. ತರಗತಿಯಲ್ಲಿ 30 ಮಕ್ಕಳಿಗೆ ಒಬ್ಬರು ಅಧ್ಯಾಪಕರು. 31 ಇದ್ದಲ್ಲಿಂದ ಒಂದು ಮಗು ಹೋದರೆ ಒಂದು ಡಿವಿಷನ್ ಹೋಯಿತು, ಡಿವಿಷನ್ ಜೊತೆಗೆ ಒಂದು ಹುದ್ದೆ ಹೋಯಿತು. ಹುದ್ದೆ ಹೋದ ಶಾಲೆಗೆ ಮರುವರ್ಷ ಮಕ್ಕಳನ್ನು ಕಳಿಸಲು ಇನ್ನಷ್ಟು ಜನ ಹಿಂಜರಿಯುತ್ತಾರೆ. ನಿಮ್ಮ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಖಾಲಿಯಾಗುವುದು ಒಂದು ಬೆಂಚಿನ ಒಂದು ಜಾಗ ಮಾತ್ರವಲ್ಲ. ಪಕ್ಕದ ಮನೆಯ ಕೂಲಿಯವರ ಮಗಳಿಗೆ ಕನ್ನಡದಲ್ಲಿ ಪಾಠ ಹೇಳುವ ಟೀಚರೂ ಹೋಗುತ್ತಾರೆ. ಆ ಮಗುವಿಗೆ ಜರ್ಮನಿಯಲ್ಲಿ ಮಾವ ಇಲ್ಲ.

ಈಗ ವಿದೇಶದ ಲೆಕ್ಕಕ್ಕೆ ಬರೋಣ. ಮೊದಲಿಗೆ ಆ ಜರ್ಮನಿಯೇ ಆಗಲಿ. ಅಲ್ಲಿಗೆ ಸಂಸಾರ ಸಮೇತ ಹೋದ ಎಂಜಿನಿಯರನ ಮಗು ಯಾವ ಶಾಲೆಗೆ ಹೋಗುತ್ತದೆ? ಶುಲ್ಕವಿಲ್ಲದ ಸರ್ಕಾರಿ ಶಾಲೆಗೆ ಹೋದರೆ ಪಾಠ ಜರ್ಮನ್ ಭಾಷೆಯಲ್ಲಿ. ಭಾಷೆ ಬಾರದ ಮಕ್ಕಳಿಗೆ ಬರ್ಲಿನ್‌ನಂಥ ಕಡೆ ಮೊದಲು ಬೇರೆ ತರಗತಿ ನಡೆಸಿ ಜರ್ಮನ್ ಕಲಿಸುತ್ತಾರೆ, ಆಮೇಲೆ ಉಳಿದ ಮಕ್ಕಳ ಜೊತೆ ಕೂರಿಸುತ್ತಾರೆ. ನೆದರ್‌ಲ್ಯಾಂಡ್ಸಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಡಚ್. ಜಪಾನಿನಲ್ಲಿ ಜಪಾನಿ. ಇಂಗ್ಲಿಷಿನಲ್ಲಿ ಕಲಿಸುವ ಇಂಟರ್‌ನ್ಯಾಷನಲ್ ಶಾಲೆಗಳು ಅಲ್ಲೂ ಇವೆ, ಆದರೆ ಅವುಗಳ ಶುಲ್ಕ ಕೇಳಿದರೆ ಒಳ್ಳೆಯ ಸಂಬಳದವರೂ ಎರಡು ಸಲ ಯೋಚಿಸುತ್ತಾರೆ.

ಅಪ್ಪ ಅಮ್ಮನ ಸ್ಥಿತಿ ನೋಡಿ. ಜರ್ಮನಿಯಲ್ಲಿ 'ಬ್ಲೂ ಕಾರ್ಡ್' ಎಂಬ ಪರವಾನಗಿಯ ಮೇಲೆ ಕೆಲಸ ಮಾಡುವವರಿಗೆ ಕಾಯಂ ನೆಲೆಸುವ ಹಕ್ಕು ಸಾಮಾನ್ಯವಾಗಿ 27 ತಿಂಗಳ ನಂತರ ಸಿಗುತ್ತದೆ, ಅದಕ್ಕೂ ಪ್ರಾಥಮಿಕ ಮಟ್ಟದ ಜರ್ಮನ್ ಬೇಕು. ಜರ್ಮನ್ ಇನ್ನೂ ಚೆನ್ನಾಗಿ ಕಲಿತು ಬಿ-1 ಮಟ್ಟ ಮುಟ್ಟಿದವರಿಗೆ 21 ತಿಂಗಳಿಗೇ ಸಿಗುತ್ತದೆ. ಅಂದರೆ ಆರು ತಿಂಗಳ ಲಾಭ ಕೊಡುವುದು ಜರ್ಮನ್, ಇಂಗ್ಲಿಷ್ ಅಲ್ಲ. ಹೀಗಿರುವಾಗ "ವಿದೇಶಕ್ಕೆ ಹೋಗಲು ಇಂಗ್ಲಿಷ್ ಮಾಧ್ಯಮ" ಎಂಬ ಮಾತು ಜರ್ಮನಿಯ ಮಟ್ಟಿಗೆ ಎಲ್ಲಿ ನಿಂತಿತು ಹೇಳಿ.

"ಅಮೆರಿಕ ಉಂಟಲ್ಲ" ಎನ್ನುತ್ತೀರಿ. ಸರಿ, ನೋಡೋಣ. ಅಲ್ಲಿನ ಕಂಪೆನಿಗಳು ನಮ್ಮವರನ್ನು ಕರೆಸಿಕೊಳ್ಳುವುದು ಹೆಚ್ಚಾಗಿ ಎಚ್-1ಬಿ ವೀಸಾದಲ್ಲಿ. ವರ್ಷಕ್ಕೆ ಇಡೀ ಜಗತ್ತಿಗೆ ಹೊಸದಾಗಿ 65,000, ಅಲ್ಲೇ ಮಾಸ್ಟರ್ ಪದವಿ ಮಾಡಿದವರಿಗೆ ಇನ್ನೊಂದು 20,000. ಬೇಡಿಕೆ ಹೆಚ್ಚಿದ್ದುದರಿಂದ ವರ್ಷಗಟ್ಟಲೆ ಲಾಟರಿ ಎತ್ತಿಯೇ ಆಯ್ಕೆ ಮಾಡಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರ ಘೋಷಣೆಯೊಂದು ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವವರ ಅರ್ಜಿಗೆ 1 ಲಕ್ಷ ಡಾಲರ್ ಹೊರೆ ಹೊರಿಸಿತು. ಹೋದವರ ಕಥೆಯಾದರೂ ಹೇಗೆ? ಕೆಲಸ ಹೋದರೆ ಹೊಸದನ್ನು ಹುಡುಕಿಕೊಳ್ಳಲು 60 ದಿನ, ಇಲ್ಲವಾದರೆ ಗಂಟುಮೂಟೆ. ನೌಕರಿಯ ಆಧಾರದಲ್ಲಿ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ಶೇಕಡಾ 7 ಎಂಬ ಮಿತಿ ಇರುವುದರಿಂದ ಭಾರತದವರ ಸಾಲು ವರ್ಷಗಳಲ್ಲ, ದಶಕಗಳಷ್ಟು ಉದ್ದ. ಹಾಲು ಕುಡಿಯುವ ವಯಸ್ಸಿನಲ್ಲಿ ಕರಕೊಂಡು ಹೋದ ಮಗು, ಸಾಲು ಮುಗಿಯುವ ಮೊದಲೇ 21 ತುಂಬಿ ಅಪ್ಪನ ವೀಸಾದಿಂದ ಹೊರಬಿದ್ದು ತನ್ನದೇ ದಾರಿ ಹುಡುಕಬೇಕಾಗುತ್ತದೆ.

ಈ ಲಾಟರಿಯಲ್ಲಾಗಲಿ, ಈ ಸಾಲಿನಲ್ಲಾಗಲಿ "ಒಂದನೇ ತರಗತಿ ಯಾವ ಮಾಧ್ಯಮದಲ್ಲಿ ಓದಿದ್ದೀ?" ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಪದವಿ, ಕೌಶಲ, ಸಂಬಳ. ಕೈಗೆ ಬಂದರೂ ಬರಬಹುದು ಬಾರದಿದ್ದರೂ ಇರಬಹುದು ಎನ್ನುವ ಒಂದು ಲಾಟರಿ ಟಿಕೆಟಿಗಾಗಿ ಕೈಯಲ್ಲಿದ್ದ ಭಾಷೆಯನ್ನು ಮಾರುವುದು ಯಾವ ವ್ಯಾಪಾರ?

ಇನ್ನೊಂದು ನಿಜ ಸಂಗತಿ. ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬನ್ನು ನೀವೂ ನೋಡಿದ್ದೀರಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್. ಇದರ ತಿರುಳನ್ನು 1991ರಲ್ಲಿ ಬರೆದವನು ಲೀನಸ್ ಟೊರ್ವಾಲ್ಡ್ಸ್. ಆಗ ಅವನು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. ಅವನು ಫಿನ್ಲೆಂಡಿನವನು ಎಂದು ಬಹಳ ಜನರಿಗೆ ಗೊತ್ತು. ಅವನ ಮನೆಮಾತು ಫಿನ್ನಿಶ್ ಅಲ್ಲ, ಸ್ವೀಡಿಶ್ ಎಂಬುದು ಕೆಲವರಿಗೆ ಮಾತ್ರ ಗೊತ್ತು. ಫಿನ್ಲೆಂಡಿನಲ್ಲಿ ಸ್ವೀಡಿಶ್ ಮಾತಾಡುವವರು ಶೇಕಡಾ 5ರಷ್ಟು. ನಮ್ಮ ಹಾಗೆಯೇ ಭಾಷಾ ಅಲ್ಪಸಂಖ್ಯಾತರು! ಅವನು ಶಾಲೆ ಕಲಿತದ್ದು ಆ ಅಲ್ಪಸಂಖ್ಯಾತ ಭಾಷೆಯ ಮಾಧ್ಯಮದಲ್ಲಿ. 1997ರಲ್ಲಿ ಹೆಂಡತಿ ಮತ್ತು ಹಸುಗೂಸನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಕೆಲಸಕ್ಕೆ ಹೋದ. ಸಂಸಾರ ಸಮೇತ ಕಂಪ್ಯೂಟರ್ ಕೆಲಸಕ್ಕೆ ವಿದೇಶಕ್ಕೆ ಹೋಗುವುದೆಂದರೆ ಇದೇ ತಾನೇ ನೀವು ಹೇಳುವುದು? ಅಲ್ಪಸಂಖ್ಯಾತ ಭಾಷೆಯ ಶಾಲೆ ಅವನ ಕಾಲಿಗೆ ಎಲ್ಲಿ ಅಡ್ಡ ಬಂತು?

"ಅದು ಫಿನ್ಲೆಂಡ್, ಇದು ಕಾಸರಗೋಡು" ಎನ್ನಬಹುದು. ಹೌದು, ವ್ಯತ್ಯಾಸ ಇರುವುದು ಅಲ್ಲೇ. ಫಿನ್ಲೆಂಡಿನಲ್ಲಿ ಒಂದು ಊರಿನ ಅಲ್ಪಸಂಖ್ಯಾತ ಭಾಷಿಕರು ಶೇಕಡಾ 8 ಇದ್ದರೆ ಅಥವಾ 3,000 ಜನ ಇದ್ದರೆ ಆ ಊರಾಡಳಿತ ಎರಡು ಭಾಷೆಯಲ್ಲಿ ನಡೆಯಬೇಕು. ಅಲ್ಲಿ ಸ್ವೀಡಿಶ್ ಭಾಷೆಯಲ್ಲಿ ಒಂದನೇ ತರಗತಿಯಿಂದ ವಿಶ್ವವಿದ್ಯಾಲಯದವರೆಗೂ ಕಲಿಯಬಹುದು. ಪಕ್ಕದ ಸ್ವೀಡನ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಹೊರಗಿನಿಂದ ಬಂದವರ ಮಕ್ಕಳೂ ಮನೆಯಲ್ಲಿ ದಿನವೂ ಆಡುವ ಭಾಷೆಯನ್ನು ಶಾಲೆಯ ಮೂಲಕ ಕಲಿಯಲು ಕೇಳಬಹುದು. ಒಂದು ಪಟ್ಟಣದಲ್ಲಿ ಅಂಥ ಐದು ಮಕ್ಕಳಿದ್ದು, ಯೋಗ್ಯ ಅಧ್ಯಾಪಕರು ಸಿಕ್ಕಿದರೆ, ಸ್ಥಳೀಯ ಆಡಳಿತ ಆ ಪಾಠ ಏರ್ಪಡಿಸಬೇಕು. ಪಾಠದ ಹೊತ್ತು ಕಡಿಮೆ ಇರಬಹುದು, ಆದರೆ ಕೇಳುವ ಹಕ್ಕು ಇದೆ. ಐದೇ ಮಕ್ಕಳು! ನಮ್ಮಿಂದ ಸ್ವೀಡನ್ನಿಗೆ ಸಂಸಾರ ಕಟ್ಟಿಕೊಂಡು ಹೋದವರು ನಾಲ್ಕು ಮನೆಯವರು ಸೇರಿದರೆ ಕನ್ನಡ ಕೇಳಬಹುದು. ಇಲ್ಲಿ, ಕನ್ನಡದ ನೆಲದಲ್ಲೇ ಕೂತು ನಾವು ಟಿ.ಸಿ. ಬರೆದುಕೊಡುತ್ತಿದ್ದೇವೆ.

ನಮಗೂ ಹಕ್ಕು ಇಲ್ಲವೆಂದಲ್ಲ. 1956ರ ನವೆಂಬರ್ 1ರಂದು ನಮ್ಮನ್ನು ದಕ್ಷಿಣ ಕನ್ನಡದಿಂದ ಕತ್ತರಿಸಿ ಕೇರಳಕ್ಕೆ ಸೇರಿಸಿದರು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು ಅದು ಪ್ರತಿ ರಾಜ್ಯಕ್ಕೂ ಹೇಳುತ್ತದೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದಿತು, ಅದು ಕಾಗದದಲ್ಲೇ ಉಳಿಯಿತು. ಗಡಿ ಬದಲಾಗಲಿಲ್ಲ, ಆದರೆ ಶಾಲೆ ಉಳಿಯಿತು. ಕನ್ನಡ ಪಠ್ಯಪುಸ್ತಕ ಉಳಿಯಿತು. ಐ.ಟಿ. ಪಠ್ಯಪುಸ್ತಕ ಕೂಡ ಕನ್ನಡದಲ್ಲಿ ಬರುತ್ತದೆ. ಇವೆಲ್ಲ ಹಿರಿಯರು ಬೀದಿಗಿಳಿದು ಉಳಿಸಿಕೊಂಡದ್ದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳಿಸಿದಾಗ ರಕ್ಷಕರೇ ಗೇಟಿನ ಮುಂದೆ ಕೂತು ಪ್ರತಿಭಟಿಸಿದ ಊರುಗಳು ನಮ್ಮಲ್ಲಿವೆ. ಸರ್ಕಾರದ ಜೊತೆ ಹೋರಾಡಿ ಉಳಿಸಿಕೊಂಡ ಶಾಲೆಯನ್ನು ಈಗ ಮಾವನ ವಾಟ್ಸಾಪ್ ಫೋಟೋ ನೋಡಿ ಬಿಡುವುದೇ?

ಟಿ.ಸಿ.ಹೆಚ್. ಓದುವಾಗ ನಮಗೆ ಕಲಿಸಿದ ಮೊದಲ ಸೂತ್ರಗಳಲ್ಲಿ ಒಂದು, ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಹೋಗಬೇಕು ಎಂಬುದು. ತರಗತಿಯಲ್ಲಿ ದಿನವೂ ಇದನ್ನು ನೋಡುತ್ತೇವೆ. ಭಿನ್ನರಾಶಿ ಅರ್ಥವಾದ ಮಗುವಿಗೆ ಅದರ ಇಂಗ್ಲಿಷ್ ಹೆಸರು ಕಲಿಯಲು ಒಂದು ದಿನ ಸಾಕು. ಹೆಸರು ಮಾತ್ರ ಬಾಯಿಪಾಠ ಮಾಡಿ ಭಿನ್ನರಾಶಿ ಅರ್ಥವಾಗದ ಮಗುವಿಗೆ ಒಂದು ವರ್ಷ ಸಾಲದು. ಪ್ರೋಗ್ರಾಮ್ ಬರೆಯಲು ಬೇಕಾದದ್ದು ತರ್ಕ, ಲೆಕ್ಕ, ಒಂದು ಸಮಸ್ಯೆಯನ್ನು ಬಿಡಿಸಿ ನೋಡುವ ತಾಳ್ಮೆ. ಇವು ಅರ್ಥವಾಗುವ ಭಾಷೆಯಲ್ಲಿ ಬೇಗ ಬರುತ್ತವೆ.

ನಮ್ಮ ಮಕ್ಕಳನ್ನೇ ನೋಡಿ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಪಂಚಾಯತಿನಲ್ಲಿ ಮಲಯಾಳ. ಪುಸ್ತಕದಲ್ಲಿ ಇಂಗ್ಲಿಷ್, ಹಿಂದಿ. ಹತ್ತು ವರ್ಷದ ಹೊತ್ತಿಗೆ ಐದು ಭಾಷೆಗಳ ನಡುವೆ ಓಡಾಡುವ ಮಗುವಿಗೆ ನಾಳೆ ಜರ್ಮನ್ ಆರನೆಯದು. ಅದು ಹೆದರುವುದಿಲ್ಲ. ಹೆದರಿರುವವರು ನಾವು ದೊಡ್ಡವರು.

ಇಂಗ್ಲಿಷ್ ಬೇಡವೆನ್ನುವವರಿಗೆ ನಮ್ಮ ಬೆಂಬಲ ಇಲ್ಲ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಕಾಲೇಜಿನಲ್ಲಿ ಅದಿಲ್ಲದೆ ನಡೆಯದು. ಆದರೆ ಇಂಗ್ಲಿಷನ್ನು ಭಾಷೆಯಾಗಿ ಕಲಿಯುವುದು ಬೇರೆ, ಪರಿಸರ ವಿಜ್ಞಾನವನ್ನೂ ಗಣಿತವನ್ನೂ ಅರ್ಥವಾಗದ ಇಂಗ್ಲಿಷಿನಲ್ಲಿ ಉರುಹೊಡೆಯುವುದು ಬೇರೆ. ನಿಮ್ಮ ದೂರು ಇಂಗ್ಲಿಷ್ ಪಾಠದ ಬಗ್ಗೆ ಆದರೆ ರಕ್ಷಕ-ಶಿಕ್ಷಕ ಸಂಘದ ಸಭೆಗೆ ಬಂದು ಗಟ್ಟಿಯಾಗಿ ಹೇಳಿ. ಇಂಗ್ಲಿಷಿಗೆ ಒಳ್ಳೆಯ ಅಧ್ಯಾಪಕರು ಬೇಕು, ಲೈಬ್ರರಿಗೆ ಇಂಗ್ಲಿಷ್ ಕಥೆ ಪುಸ್ತಕ ಬೇಕು, ಕಂಪ್ಯೂಟರ್ ಲ್ಯಾಬ್ ಬೀಗ ಹಾಕಿಕೊಂಡಿರಬಾರದು ಎಂದು ಕೇಳಿ. ನಾವೂ ನಿಮ್ಮ ಜೊತೆ ಸಹಿ ಹಾಕುತ್ತೇವೆ.

ಈಗಾಗಲೇ ಹೊರದೇಶದಲ್ಲಿ ನೆಲೆಸಿರುವ ನಮ್ಮ ಹಳೆ ವಿದ್ಯಾರ್ಥಿಗಳಿಗೂ ಎರಡು ಮಾತು. ನೀವು ಊರಿಗೆ ಬಂದಾಗ ಜಾತ್ರೆಗೆ, ಬ್ರಹ್ಮಕಲಶಕ್ಕೆ ಧಾರಾಳವಾಗಿ ಕೊಡುತ್ತೀರಿ, ಸಂತೋಷ. ಅಮೆರಿಕದ ಊರುಗಳಲ್ಲಿ ಕನ್ನಡ ಕೂಟದವರು ರಜೆಯ ದಿನ ಮಕ್ಕಳನ್ನು ಕೂರಿಸಿ ಅ ಆ ಇ ಈ ಕಲಿಸುತ್ತಾರೆಂದೂ ಕೇಳಿದ್ದೇವೆ, ಇನ್ನೂ ಸಂತೋಷ. ಆದರೆ ಅಲ್ಲಿ ಭಾನುವಾರದ ಕನ್ನಡ ತರಗತಿಗೆ ಹತ್ತಾರು ಮೈಲಿ ಕಾರು ಓಡಿಸುವ ನೀವು, ಇಲ್ಲಿ ತಂಗಿಗೆ ಫೋನು ಮಾಡಿ "ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೇ ಹಾಕು" ಎನ್ನುತ್ತೀರಲ್ಲ, ಇದೇನು ನ್ಯಾಯ? ನೀವು ಎಲ್ಲಿ ಕಲಿತು ಅಲ್ಲಿಗೆ ಮುಟ್ಟಿದಿರಿ ಎಂಬುದನ್ನು ಒಮ್ಮೆ ತಂಗಿಗೂ ಹೇಳಿ. ನೀವು ಹೇಳಿದರೆ ನಂಬುತ್ತಾರೆ. ನಾವು ಹೇಳಿದರೆ "ಮಾಷ್ಟ್ರಿಗೆ ಹುದ್ದೆಯ ಚಿಂತೆ" ಎನ್ನುತ್ತಾರೆ.

ಹುದ್ದೆಯ ಚಿಂತೆ ನಮಗಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಹುದ್ದೆ ಹೋದರೆ ಕಾಯಂ ನೌಕರರಾದ ನಮ್ಮನ್ನು ಸರ್ಕಾರ ಇನ್ನೊಂದು ಶಾಲೆಗೆ ಹಾಕೀತು. ಮುಚ್ಚಿದ ಕನ್ನಡ ತರಗತಿಯನ್ನು ಇನ್ನೊಂದು ಊರಿನಲ್ಲಿ ಯಾರೂ ತೆರೆಯುವುದಿಲ್ಲ. ಮಗ ದೊಡ್ಡವನಾಗಿ ಬರ್ಲಿನ್ನಿಗೋ ಬಾಸ್ಟನ್ನಿಗೋ ಹೋಗಲಿ. ಅದಕ್ಕೆ ಬೇಕಾದ ಲೆಕ್ಕ, ವಿಜ್ಞಾನ, ಇಂಗ್ಲಿಷ್ ಮೂರನ್ನೂ ಕಲಿಸುವ ಹೊಣೆ ನಮ್ಮದು. ಮಕ್ಕಳನ್ನು ಜೂನ್ ತಿಂಗಳ ಆ ಆರನೇ ದಿನಕ್ಕೆ ಮೊದಲು ಕನ್ನಡ ಶಾಲೆಗೆ ಕರೆತರುವ ಹೊಣೆ ನಿಮ್ಮದು.