ಟ್ರೇಲರ್ ಎಂಬ ಭರವಸೆಯ ವ್ಯಾಪಾರ

ಚಲನಚಿತ್ರದ ಟ್ರೇಲರ್‌ನಲ್ಲಿ ತೋರಿಸಿದ್ದು ಚಿತ್ರದಲ್ಲಿ ಇಲ್ಲದೇ ಹೋದರೆ ಪ್ರೇಕ್ಷಕನಿಗೆ ಮೋಸವಾದಂತೆಯೇ? ಹಗುರವೆಂದು ತೋರುವ ಈ ಪ್ರಶ್ನೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. 2016ರಲ್ಲಿ ತೆರೆಕಂಡ ‘ಫ್ಯಾನ್’ ಎಂಬ ಹಿಂದಿ ಚಿತ್ರದ ಪ್ರಚಾರ ತುಣುಕುಗಳಲ್ಲಿದ್ದ ಹಾಡು ಚಿತ್ರದಲ್ಲಿ ಇರಲಿಲ್ಲ. ಅದನ್ನು ನಂಬಿ ಕುಟುಂಬದೊಡನೆ ಚಿತ್ರಮಂದಿರಕ್ಕೆ ಹೋಗಿದ್ದ ಶಿಕ್ಷಕಿಯೊಬ್ಬರು ಗ್ರಾಹಕ ವೇದಿಕೆಯ ಮೆಟ್ಟಿಲೇರಿದರು. ರಾಜ್ಯ ಆಯೋಗ ಅವರಿಗೆ ಹತ್ತು ಸಾವಿರ ರೂಪಾಯಿ ಪರಿಹಾರವನ್ನೂ ವ್ಯಾಜ್ಯದ ವೆಚ್ಚವನ್ನೂ ಕೊಡಿಸಿತು. ರಾಷ್ಟ್ರೀಯ ಆಯೋಗ ಅದನ್ನು ಎತ್ತಿಹಿಡಿಯಿತು. ಆದರೆ ಏಪ್ರಿಲ್ 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಪ್ರಚಾರದ ಟ್ರೇಲರ್ ಕರಾರಿಗೆ ಕರೆಯುವ ಪ್ರಸ್ತಾವವಲ್ಲ, ವಾಗ್ದಾನವೂ ಅಲ್ಲ. ಆದ್ದರಿಂದ ಅದರಲ್ಲಿದ್ದುದು ಚಿತ್ರದಲ್ಲಿ ಇಲ್ಲದಿರುವುದು ಸೇವಾಲೋಪವಾಗದು ಎಂಬುದು ತೀರ್ಪಿನ ತಿರುಳು. ಅನುಚಿತ ವ್ಯಾಪಾರ ಪದ್ಧತಿ ಎಂಬ ವಾದವನ್ನೂ ಆ ಪ್ರಕರಣದ ಮಟ್ಟಿಗೆ ನ್ಯಾಯಾಲಯ ಒಪ್ಪಲಿಲ್ಲ.

ಕಾನೂನಿನ ದೃಷ್ಟಿಯಿಂದ ಈ ತೀರ್ಪು ಸರಿಯಾದುದೇ. ಟ್ರೇಲರನ್ನು ಸರಕುಪಟ್ಟಿಯಂತೆ ನೋಡತೊಡಗಿದರೆ ಕಲೆಗೆ ಉಸಿರಾಡಲು ಜಾಗ ಉಳಿಯುವುದಿಲ್ಲ. ಆದರೆ ತೀರ್ಪಿನ ಇನ್ನೊಂದು ಮುಖವನ್ನು ನಾವು ಗಮನಿಸಬೇಕು. ಟ್ರೇಲರ್ ವಾಗ್ದಾನವಲ್ಲ ಎಂದಾದ ಮೇಲೆ ಅದನ್ನು ತೂಗಿ ನೋಡುವ ಹೊಣೆ ನೋಡುಗನ ಮೇಲೆಯೇ ಬೀಳುತ್ತದೆ. ತೂಗುವುದಕ್ಕೆ ಅದರ ಭಾಷೆ ತಿಳಿದಿರಬೇಕು. ನಮ್ಮ ಶಿಕ್ಷಣ ಈ ಭಾಷೆಯನ್ನು ನಮಗೆ ಕಲಿಸಿಲ್ಲ.

ಅರ್ಥಶಾಸ್ತ್ರದಲ್ಲಿ ‘ಅನುಭವದ ಸರಕು’ ಎಂಬ ಪರಿಕಲ್ಪನೆಯಿದೆ. ಫಿಲಿಪ್ ನೆಲ್ಸನ್ 1970ರಲ್ಲಿ ಇದನ್ನು ಪ್ರತಿಪಾದಿಸಿದರು. ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು. ಆದರೆ ಕೆಲವು ಸರಕುಗಳ ಗುಣ ಹಣ ಕೊಟ್ಟು ಅನುಭವಿಸಿದ ಮೇಲೆಯೇ ತಿಳಿಯುತ್ತದೆ. ಸಿನಿಮಾ ಅಂಥದು. ಅದೇ ವರ್ಷ ಜಾರ್ಜ್ ಅಕರ್ಲಾಫ್, ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಸಂದಿತು. ಈ ಅಂತರವನ್ನು ತುಂಬುವುದು ಟ್ರೇಲರಿನ ಕೆಲಸ. ಕೌಟುಂಬಿಕ ಚಿತ್ರವಾದರೆ ನಾಯಕನಟನ ಮುಖ ತೋರಿಸಿದರೆ ಅರ್ಧ ಕೆಲಸವಾಯಿತು. ಆದರೆ ವೈಜ್ಞಾನಿಕ ಕಥಾಚಿತ್ರ ಮಾರಬೇಕಾದುದು ಎಲ್ಲಿಯೂ ಇಲ್ಲದ ಒಂದು ಲೋಕವನ್ನು. ಎರಡು ನಿಮಿಷದಲ್ಲಿ ಅದನ್ನು ನಂಬಿಸಬೇಕು, ಗುಟ್ಟನ್ನು ಮಾತ್ರ ಬಿಟ್ಟುಕೊಡಬಾರದು. ಹೀಗಾಗಿ ಟ್ರೇಲರ್ ಕಲೆಯ ಎಲ್ಲ ಉಪಾಯಗಳೂ ಈ ಪ್ರಕಾರದಲ್ಲಿ ಸ್ಪಷ್ಟವಾಗಿ ಕಣ್ಣಿಗೆ ಬೀಳುತ್ತವೆ.

ಮೊದಲು ಕ್ಯಾಮೆರಾ. ಇಲ್ಲಿ ಅದರ ಮುಖ್ಯ ಕೆಲಸ ಅಳತೆಯನ್ನು ತೋರಿಸುವುದು. ತೆರೆಯ ಒಂದು ಮೂಲೆಯಲ್ಲಿ ಇರುವೆಯಷ್ಟು ಚಿಕ್ಕ ಮನುಷ್ಯ. ಎದುರಿಗೆ ಆಕಾಶವನ್ನೇ ಮುಚ್ಚುವ ಆಕಾರ. ಆ ಆಕಾರ ಏನೆಂಬುದು ತಿಳಿಯುವ ಮೊದಲೇ ನಾವು ಎಷ್ಟು ಅಲ್ಪರು ಎಂಬುದು ತಿಳಿಯುತ್ತದೆ. 2014ರ ‘ಗಾಡ್ಜಿಲ್ಲಾ’ ಚಿತ್ರದ ಟ್ರೇಲರ್ ಇದಕ್ಕೆ ಮಾದರಿ. ಸೈನಿಕರು ವಿಮಾನದಿಂದ ಧುಮುಕುತ್ತಾರೆ. ಅವರ ಹಿಂದೆ ಕೆಂಪು ಹೊಗೆಯ ಗೆರೆಗಳು ಮಾತ್ರ ಕಾಣುತ್ತವೆ. ಕೆಳಗೆ ಮೋಡ, ಧೂಳು, ಮುರಿದ ನಗರ. ಕ್ಯಾಮೆರಾ ಒಮ್ಮೆ ದೂರದಿಂದ ನೋಡುತ್ತದೆ, ಒಮ್ಮೆ ಸೈನಿಕನ ಮುಖಗವಸಿನ ಒಳಗಿನಿಂದ. ದೈತ್ಯಪ್ರಾಣಿ ಕಂಡದ್ದಕ್ಕಿಂತ ಅದನ್ನು ಕಂಡವರ ಉಸಿರು ಹೆಚ್ಚು ಕೇಳಿಸುತ್ತದೆ. ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು ‘ಕ್ಲೋವರ್‌ಫೀಲ್ಡ್’ (2008). ಅದರ ಮೊದಲ ತುಣುಕು ಅಮೆರಿಕದ ಚಿತ್ರಮಂದಿರಗಳಲ್ಲಿ ಜುಲೈ 2007ರಲ್ಲಿ ಕಾಣಿಸಿಕೊಂಡಾಗ ಚಿತ್ರದ ಹೆಸರೇ ಇರಲಿಲ್ಲ. ಕೊನೆಯಲ್ಲಿ ಬಿಡುಗಡೆಯ ದಿನಾಂಕವಿತ್ತು, ಅಷ್ಟೆ. ಮನೆಯವರೇ ತೆಗೆದಂತೆ ಅಲುಗಾಡುವ ಕೈ ಕ್ಯಾಮೆರಾದಲ್ಲಿ ಒಂದು ಸಂತೋಷಕೂಟ, ಒಂದು ಸ್ಫೋಟ, ಬೀದಿಗೆ ಉರುಳಿ ಬೀಳುವ ಸ್ವಾತಂತ್ರ್ಯದೇವಿಯ ತಲೆ. ನುರಿತ ಛಾಯಾಗ್ರಾಹಕನ ಸ್ಥಿರ ಚಿತ್ರಕ್ಕಿಂತ ಅಪಕ್ವ ಚಿತ್ರಕ್ಕೆ ಸಾಕ್ಷ್ಯದ ಬೆಲೆ ಹೆಚ್ಚು ಎಂಬ ಮನೋವಿಜ್ಞಾನ ಅಲ್ಲಿತ್ತು.

ಎರಡನೆಯದು ಸಂಕಲನ. ಟ್ರೇಲರಿನ ಕಾಲ ಚಿತ್ರದ ಕಾಲವಲ್ಲ. ಮೊದಲು ನಿಧಾನವಾಗಿ ಒಂದು ಲೋಕದ ಪರಿಚಯ; ನಡುವೆ ಅದು ಕದಡುವುದು; ಕೊನೆಯ ಅರ್ಧ ನಿಮಿಷದಲ್ಲಿ ಕ್ಷಣಕ್ಕೊಂದರಂತೆ ಹಾರುವ ತುಣುಕುಗಳು; ಆಮೇಲೆ ಚಿತ್ರದ ಹೆಸರು; ಹೆಸರಾದ ಮೇಲೂ ಒಂದು ಕಿರು ಆಘಾತ. ತುಣುಕುಗಳ ನಡುವೆ ಬರುವ ಕಪ್ಪು ತೆರೆ ಕಣ್ಣು ಮಿಟುಕಿಸಿದಂತೆ ಕೆಲಸ ಮಾಡುತ್ತದೆ. ಆ ಕತ್ತಲೆಯಲ್ಲಿ ಏನೋ ನಡೆದಿದೆ, ನಾವು ಅದನ್ನು ನೋಡಲಿಲ್ಲ ಎಂಬ ತಳಮಳ ಹುಟ್ಟುತ್ತದೆ. ಸಂಕಲನಕಾರನ ಇನ್ನೊಂದು ಉಪಾಯ ಹೆಚ್ಚು ಸೂಕ್ಷ್ಮವಾದುದು: ಒಂದು ದೃಶ್ಯದ ಮಾತನ್ನು ಇನ್ನೊಂದು ದೃಶ್ಯದ ಮುಖದ ಮೇಲೆ ಹೊದಿಸುವುದು. ಒಬ್ಬರು ಕೇಳಿದ ಪ್ರಶ್ನೆಗೆ ಮತ್ತೆಲ್ಲಿಯೋ ಇರುವ ಮತ್ತೊಬ್ಬರು ಉತ್ತರಿಸಿದಂತೆ ತೋರುತ್ತದೆ. ಚಿತ್ರದಲ್ಲಿ ಆ ಇಬ್ಬರೂ ಭೇಟಿಯಾಗದೆಯೂ ಇರಬಹುದು. ತುಣುಕುಗಳೆಲ್ಲ ನಿಜ, ಜೋಡಣೆ ಮಾತ್ರ ಕಲ್ಪನೆ.

ಮೂರನೆಯದು, ಬಹುಶಃ ಎಲ್ಲಕ್ಕಿಂತ ಬಲವಾದುದು, ಶಬ್ದ. ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. 1979ರ ‘ಏಲಿಯನ್’ ಚಿತ್ರದ ಟ್ರೇಲರಿನಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ. ಕತ್ತಲಲ್ಲಿ ಒಂದು ಮೊಟ್ಟೆ, ಅದರ ಬಿರುಕಿನಿಂದ ಹೊಮ್ಮುವ ಬೆಳಕು; ಅನಂತರ ಹಡಗಿನ ಓಣಿಗಳಲ್ಲಿ ಓಡುವ ಮನುಷ್ಯರು ಮತ್ತು ಏರುತ್ತಲೇ ಹೋಗುವ ಒಂದು ಕರ್ಕಶ ಧ್ವನಿ. ಪ್ರಾಣಿಯ ಪೂರ್ಣ ರೂಪ ಎಲ್ಲಿಯೂ ಕಾಣದು. 2010ರ ‘ಇನ್‌ಸೆಪ್ಷನ್’ ಟ್ರೇಲರುಗಳು ಬಂದ ಮೇಲೆ ಕಹಳೆಗಳೆಲ್ಲ ಒಟ್ಟಿಗೆ ನೆಲದಡಿಯಿಂದ ಮೊರೆದಂತಹ ಭಾರವಾದ ನಾದ ಜಗತ್ತಿನಾದ್ಯಂತ ಅನುಕರಣೆಗೊಳಗಾಯಿತು. ಕುತೂಹಲದ ಸಂಗತಿಯೆಂದರೆ, ಆ ಟ್ರೇಲರುಗಳ ಪೈಕಿ ಪ್ರಸಿದ್ಧವಾದ ಒಂದರ ಸಂಗೀತ ಚಿತ್ರದ ಸಂಗೀತ ನಿರ್ದೇಶಕ ಹಾನ್ಸ್ ಝಿಮ್ಮರ್ ಅವರದಲ್ಲ, ಝ್ಯಾಕ್ ಹೆಮ್ಸಿ ಎಂಬವರದು. ಚಿತ್ರದ ಸಂಗೀತವೇ ಬೇರೆ, ಟ್ರೇಲರಿನ ಸಂಗೀತವೇ ಬೇರೆ ಎಂಬುದು ಈ ಉದ್ಯಮದಲ್ಲಿ ಸಾಮಾನ್ಯ. ಸೆಪ್ಟೆಂಬರ್ 2020ರಲ್ಲಿ ಬಂದ ‘ಡ್ಯೂನ್’ ಟ್ರೇಲರಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದ 1973ರ ಹಾಡೊಂದನ್ನು ವೃಂದಗಾನವಾಗಿಸಿ ಬಳಸಲಾಯಿತು. ಚಿತ್ರದಲ್ಲಿ ಆ ಹಾಡಿಲ್ಲ. ‘ಗಾಡ್ಜಿಲ್ಲಾ’ ಟ್ರೇಲರಿನಲ್ಲಿ ಕೇಳುವ ಲಿಗೆಟಿಯ ವೃಂದಗಾನವಾದರೋ ಚಿತ್ರದಲ್ಲಿಯೂ ಅದೇ ದೃಶ್ಯಕ್ಕೆ ಇದೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ನಿಗೂಢ ಶಿಲೆಯ ಮುಂದೆ ಕೇಳಿಸಿದ್ದೂ ಅದೇ ಗಾನ. ಶಬ್ದದಷ್ಟೇ ಮುಖ್ಯವಾದುದು ಅದರ ಹಠಾತ್ ನಿಲುಗಡೆ. ಮೊರೆತ ತಟ್ಟನೆ ನಿಂತಾಗ ಉಂಟಾಗುವ ಅರೆಕ್ಷಣದ ಮೌನಕ್ಕೆ ಪ್ರೇಕ್ಷಕನ ಎದೆ ಬಡಿತವೇ ಹಿನ್ನೆಲೆ ಸಂಗೀತ.

ಇಷ್ಟೆಲ್ಲವೂ ಕೌಶಲವೇ. ತೊಂದರೆ ಹುಟ್ಟುವುದು ಎಲ್ಲರೂ ಇದೇ ಕೌಶಲಕ್ಕೆ ಕೈ ಹಾಕಿದಾಗ. ಬಯಲಾಟದಲ್ಲಿ ಮುಂದಿನ ಸಾಲಿನವರು ಎದ್ದು ನಿಂತರೆ ಹಿಂದಿನವರೂ ನಿಲ್ಲಲೇಬೇಕು. ಕೊನೆಗೆ ಎಲ್ಲರಿಗೂ ಕಾಲುನೋವು, ಯಾರಿಗೂ ಹೆಚ್ಚೇನೂ ಕಾಣದು. ಟ್ರೇಲರುಗಳಲ್ಲಿಯೂ ಇದೇ ಆಯಿತು. ಪ್ರತಿಯೊಬ್ಬರೂ ಪಕ್ಕದವರಿಗಿಂತ ಜೋರಾಗಿ ಮೊರೆಯತೊಡಗಿದರು. ಪ್ರೇಕ್ಷಕರ ದೂರು ಹೆಚ್ಚಿದಾಗ ಅಮೆರಿಕದ ಚಿತ್ರೋದ್ಯಮ 1990ರ ದಶಕದ ಕೊನೆಯಲ್ಲಿ ತಾನೇ ಒಂದು ಮಿತಿ ಹಾಕಿಕೊಳ್ಳಬೇಕಾಯಿತು: ಟ್ರೇಲರಿನ ಒಟ್ಟಾರೆ ಶಬ್ದಮಟ್ಟ 85 ಡೆಸಿಬಲ್ ಮೀರಕೂಡದು. 2014ರಲ್ಲಿ ಅಲ್ಲಿನ ಚಿತ್ರಮಂದಿರ ಮಾಲೀಕರ ಸಂಘ ಟ್ರೇಲರುಗಳು ಎರಡು ನಿಮಿಷ ಮೀರಬಾರದೆಂಬ ಸ್ವಯಂಪ್ರೇರಿತ ಮಾರ್ಗಸೂಚಿ ಹೊರಡಿಸಿತು. ಒಬ್ಬನೇ ಸುಮ್ಮನಾದರೆ ಅವನಿಗೆ ನಷ್ಟ, ಎಲ್ಲರೂ ಸುಮ್ಮನಾದರೆ ಎಲ್ಲರಿಗೂ ಲಾಭ ಎಂಬಂತಹ ಪರಿಸ್ಥಿತಿಯಲ್ಲಿ ಸಾಮೂಹಿಕ ನಿಯಮವೊಂದೇ ದಾರಿ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಸೇರಿಸಬಹುದಾದ ನಿದರ್ಶನವಿದು. ಆದರೆ ಶಬ್ದದ ಮಟ್ಟವನ್ನು ನಿಯಮ ತಗ್ಗಿಸಬಲ್ಲುದೇ ಹೊರತು ಏಕತಾನವನ್ನಲ್ಲ. ಎಲ್ಲ ಚಿತ್ರಗಳೂ ಒಂದೇ ಬಗೆಯಾಗಿ ಗುಡುಗಿದಾಗ ಯಾವುದು ವಿಚಾರವುಳ್ಳ ಚಿತ್ರ, ಯಾವುದು ಬರಿಯ ಆರ್ಭಟ ಎಂದು ತಿಳಿಯುವ ಬಗೆಯಿಲ್ಲ. ಮಾಹಿತಿ ಕೊಡಬೇಕಾದ ಸಾಧನವೇ ಮಾಹಿತಿಯನ್ನು ಅಳಿಸುತ್ತದೆ. ಅಕರ್ಲಾಫ್ ಎಚ್ಚರಿಸಿದ್ದು ಇಂಥ ಮಾರುಕಟ್ಟೆಯ ಬಗ್ಗೆಯೇ.

ಹಾಗಾದರೆ ಪ್ರಾಮಾಣಿಕ ಟ್ರೇಲರ್ ಯಾವುದು? ಎಲ್ಲವನ್ನೂ ತೋರಿಸುವುದಂತೂ ಅಲ್ಲ. 1984ರ ‘ಟರ್ಮಿನೇಟರ್’ ಚಿತ್ರದಲ್ಲಿ ಕೊಲೆಗಡುಕನಾಗಿದ್ದ ಯಂತ್ರಮಾನವ 1991ರ ಎರಡನೆಯ ಚಿತ್ರದಲ್ಲಿ ರಕ್ಷಕನಾಗಿ ಬಂದ. ಆ ತಿರುವನ್ನು ಚಿತ್ರ ಕೆಲಕಾಲ ಮುಚ್ಚಿಟ್ಟರೂ ಟ್ರೇಲರ್ ಮೊದಲೇ ಬಿಚ್ಚಿಟ್ಟಿತ್ತು. 2015ರ ‘ಟರ್ಮಿನೇಟರ್ ಜೆನಿಸಿಸ್’ನಲ್ಲಿ ಅದೇ ಪ್ರಮಾದ ಮರುಕಳಿಸಿತು. ಇದಕ್ಕೆ ಪ್ರತಿಯಾಗಿ, 2016ರ ‘ರೋಗ್ ಒನ್’ ಟ್ರೇಲರುಗಳಲ್ಲಿದ್ದ ಹಲವು ದೃಶ್ಯಗಳು ಚಿತ್ರದಲ್ಲಿ ಇರಲೇ ಇಲ್ಲ. ಗೋಪುರದ ತುದಿಯಲ್ಲಿ ನಾಯಕಿ ಯುದ್ಧವಿಮಾನದ ಎದುರು ನಿಲ್ಲುವ ಮನಮೋಹಕ ದೃಶ್ಯ ಅವುಗಳಲ್ಲೊಂದು. ಒಂದು ಅತಿಯಾಗಿ ಹೇಳಿತು, ಇನ್ನೊಂದು ಇಲ್ಲದುದನ್ನು ಹೇಳಿತು. ಪ್ರಾಮಾಣಿಕತೆ ಇರುವುದು ಇವೆರಡರ ನಡುವೆ: ಚಿತ್ರ ಎತ್ತುವ ಪ್ರಶ್ನೆಯನ್ನು ಚಿತ್ರದ್ದೇ ಧ್ವನಿಯಲ್ಲಿ ಕೇಳಿ, ಉತ್ತರವನ್ನು ತೆರೆಗೆ ಬಿಡುವುದು. ಹಿಂದೆ ನಮ್ಮ ಟೂರಿಂಗ್ ಟಾಕೀಸುಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ಕಥಾಸಾರಾಂಶವನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕೆಂದು ಹೇಳುತ್ತಿದ್ದವು. ಆ ಮುಗ್ಧ ವಾಕ್ಯದಲ್ಲಿ ಇಡೀ ಟ್ರೇಲರ್ ಶಾಸ್ತ್ರದ ನೀತಿ ಅಡಗಿತ್ತು.

ಕನ್ನಡದಲ್ಲಿಯೂ ಈ ದಿಕ್ಕಿನ ಒಂದು ಪ್ರಯೋಗ ನಡೆದಿದೆ. ಉಪೇಂದ್ರ ಅವರ ‘ಯುಐ’ ಚಿತ್ರದ ಮೊದಲ ಟೀಸರ್ ಸೆಪ್ಟೆಂಬರ್ 2023ರಲ್ಲಿ ಬಂದಾಗ ತೆರೆ ಕತ್ತಲಾಗಿತ್ತು; ಶಬ್ದಗಳನ್ನು ಕೇಳಿ ಲೋಕವನ್ನು ಪ್ರೇಕ್ಷಕನೇ ಕಲ್ಪಿಸಿಕೊಳ್ಳಬೇಕಿತ್ತು. ಡಿಸೆಂಬರ್ 2024ರಲ್ಲಿ, ಬಿಡುಗಡೆಗೆ ಮೊದಲು ಬಂದ ತುಣುಕನ್ನು ಅವರು ಟ್ರೇಲರ್ ಎನ್ನದೆ ‘ವಾರ್ನರ್’ ಎಂದರು. ಅದು 2040ರ ಒಂದು ಬರಡು ಲೋಕವನ್ನು ಮುಂದಿಟ್ಟಿತು. ಚಿತ್ರದ ಗುಣದೋಷಗಳ ಬಗ್ಗೆ ಭಿನ್ನಾಭಿಪ್ರಾಯ ಇರಲಿ. ಅಪಾರ ಗ್ರಾಫಿಕ್ಸ್ ವೆಚ್ಚವಿಲ್ಲದೆ ಬರಿಯ ಕತ್ತಲೆಯಿಂದ ಕುತೂಹಲ ಕೆರಳಿಸಬಹುದೆಂಬ ಧೈರ್ಯ ಗಮನಾರ್ಹವಾದುದು.

ಈ ಚರ್ಚೆ ಸಿನಿಮಾದ ಟಿಕೆಟ್ಟಿಗೆ ಸೀಮಿತವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ವೈಜ್ಞಾನಿಕ ಕಥಾಚಿತ್ರದ ಟ್ರೇಲರ್ ರೂಢಿಸಿದ ಉಪಾಯಗಳು ಈಗ ಬೇರೆಡೆಗೆ ವಲಸೆ ಹೋಗಿವೆ. ಸುದ್ದಿವಾಹಿನಿಗಳಲ್ಲಿ ಸಾಮಾನ್ಯ ಮಳೆಯ ಮುನ್ಸೂಚನೆಗೂ ಅದೇ ಮೊರೆತ, ಅದೇ ಕಪ್ಪು ತೆರೆ. ಚುನಾವಣಾ ಪ್ರಚಾರದ ತುಣುಕುಗಳಲ್ಲಿ ನಾಯಕನನ್ನು ಕೆಳಗಿನಿಂದ, ಜನಸಾಗರವನ್ನು ಮೇಲಿನಿಂದ ತೋರಿಸುವ ಅದೇ ಅಳತೆಯ ತಂತ್ರ. ಯೋಜನೆಗಳ ಮಂಡನೆ ನಡೆಯುವ ಸಭೆಗಳಲ್ಲಿ ನನ್ನ ಸೇವಾವಧಿಯ ಉತ್ತರಾರ್ಧದಲ್ಲಿ ಕಂಡ ಬದಲಾವಣೆಯನ್ನೂ ಇಲ್ಲಿ ಹೇಳಬೇಕು. ಮೊದಲು ಕಡತದಲ್ಲಿ ವೆಚ್ಚದ ಅಂದಾಜು, ಭೂಮಿಯ ವಿವರ, ಸ್ಥಳಾಂತರಗೊಳ್ಳುವ ಕುಟುಂಬಗಳ ಸಂಖ್ಯೆ ಇರುತ್ತಿದ್ದವು. ಅನಂತರ ಅವುಗಳಿಗಿಂತ ಮುಂಚೆ ಕಂಪ್ಯೂಟರಿನಲ್ಲಿ ರಚಿಸಿದ ಕಿರುಚಿತ್ರ ಬರತೊಡಗಿತು: ಗಾಜಿನ ಕಟ್ಟಡಗಳು, ಧೂಳಿಲ್ಲದ ರಸ್ತೆ, ಹಕ್ಕಿನೋಟದಲ್ಲಿ ತೇಲುವ ಕ್ಯಾಮೆರಾ, ಏರುವ ಸಂಗೀತ. ಅದು ಮುಗಿದ ಮೇಲೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವವನು ರಸಭಂಗ ಮಾಡಿದವನಂತೆ ಕಾಣುತ್ತಿದ್ದ. ಸಿನಿಮಾ ನಿರಾಸೆಗೊಳಿಸಿದರೆ ಕಳೆದುಕೊಳ್ಳುವುದು ಕೆಲವು ನೂರು ರೂಪಾಯಿ. ಯೋಜನೆ ನಿರಾಸೆಗೊಳಿಸಿದರೆ ಒಂದು ಊರಿನ ಕೆರೆಯೇ ಹೋಗಬಹುದು.

ಇದಕ್ಕೆ ಕಾನೂನಿನ ಪರಿಹಾರ ಅರಸುವುದು ವ್ಯರ್ಥ. ಟ್ರೇಲರಿನ ತುಣುಕುಗಳಲ್ಲಿ ಕೆಲವು ಚಿತ್ರದಲ್ಲಿ ಇರಲಾರವು ಎಂಬ ಒಂದು ಸಾಲಿನ ಸೂಚನೆಯನ್ನು ನಿರ್ಮಾಪಕರು ತಾವಾಗಿ ಹಾಕಿದರೆ ಸೌಜನ್ಯ. ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಬೇಕಾದುದು ನೋಡುವ ವಿದ್ಯೆ. ಪ್ರೌಢಶಾಲೆಯ ಭಾಷಾ ತರಗತಿಯಲ್ಲಿ ಪದ್ಯದ ಅಲಂಕಾರ ಗುರುತಿಸಲು ಕಲಿಸುವ ನಾವು ಎರಡು ನಿಮಿಷದ ಟ್ರೇಲರಿನ ಅಲಂಕಾರಗಳನ್ನೂ ಗುರುತಿಸಲು ಕಲಿಸಬಹುದು. ಇದಕ್ಕೆ ಹೊಸ ಪಠ್ಯಪುಸ್ತಕವಾಗಲಿ ಅನುದಾನವಾಗಲಿ ಬೇಡ. ಮೂರು ಸರಳ ಅಭ್ಯಾಸಗಳು ಸಾಕು. ಒಮ್ಮೆ ಶಬ್ದ ನಿಲ್ಲಿಸಿ ನೋಡುವುದು: ಭಯ ಎಷ್ಟು ಉಳಿಯಿತು? ಒಮ್ಮೆ ಕಣ್ಣು ಮುಚ್ಚಿ ಕೇಳುವುದು: ಮಾತು ಏನನ್ನಾದರೂ ತಿಳಿಸಿತೇ? ಮೂರನೆಯ ಬಾರಿ ಯಾರ ಮಾತು ಯಾರ ಮುಖದ ಮೇಲಿದೆ, ಯಾವ ತುಣುಕು ಎಷ್ಟು ಹೊತ್ತು ನಿಂತಿತು ಎಂದು ಎಣಿಸುವುದು. ಹೀಗೆ ನೋಡಿದರೆ ಟ್ರೇಲರಿನ ರಸ ಕೆಡುವುದಿಲ್ಲ. ರಾಗ ಗುರುತಿಸಬಲ್ಲವನಿಗೆ ಸಂಗೀತದ ಸುಖ ಕಡಿಮೆಯಾದ ಉದಾಹರಣೆಯಿಲ್ಲ.

ಭವಿಷ್ಯದ ಲೋಕಗಳನ್ನು ಕಲ್ಪಿಸುವುದು ವೈಜ್ಞಾನಿಕ ಕಥಾಚಿತ್ರದ ಹಕ್ಕು. ಅವನ್ನು ಆಕರ್ಷಕವಾಗಿ ಮಾರುವುದು ಟ್ರೇಲರಿನ ಹಕ್ಕು. ಮಾರುವವನು ಯಾವುದನ್ನು ಕತ್ತಲಲ್ಲಿ ಇಟ್ಟಿದ್ದಾನೆ ಎಂದು ಕೇಳುವುದು ನಮ್ಮ ಹಕ್ಕು. ಮೊದಲೆರಡು ಹಕ್ಕುಗಳು ಚೆನ್ನಾಗಿಯೇ ಚಲಾವಣೆಯಲ್ಲಿವೆ. ಮೂರನೆಯದನ್ನು ಬಳಸುವವರ ಸಂಖ್ಯೆ ಹೆಚ್ಚಬೇಕಾಗಿದೆ.