ಐದರಲ್ಲಿ ನಾಲ್ಕು ಸರಿ ಬಂದವನ ಲೆಕ್ಕ

ಐಪಿಎಲ್ ಪಂದ್ಯಗಳು ಆರಂಭವಾದವೆಂದರೆ ನಮ್ಮ ಸಾಲಹಳ್ಳಿಯ ಚಹಾ ಅಂಗಡಿಗಳಲ್ಲಿ ಮಳೆ-ಬೆಳೆಯ ಮಾತು ಹಿಂದೆ ಸರಿದು ಬೆಟ್ಟಿಂಗಿನ ಮಾತು ಮುಂದೆ ಬರುತ್ತದೆ. ಅದರಲ್ಲಿಯೂ ಈಗಿನ ಹುಡುಗರಿಗೆ ಒಂದು ಪಂದ್ಯದ ಬಾಜಿ ಸಪ್ಪೆ. ನಾಲ್ಕೈದು ಫಲಿತಾಂಶಗಳನ್ನು ಒಂದೇ ಸರದಲ್ಲಿ ಪೋಣಿಸುವ 'ಮಲ್ಟಿ' ಬೇಕು. ಎಲ್ಲವೂ ಸರಿ ಬಂದರೆ ದರಗಳ ಗುಣಲಬ್ಧದಷ್ಟು ಹಣ. ಒಂದು ತಪ್ಪಿದರೂ ಸೊನ್ನೆ.

"ಸರ, ನೂರು ರೂಪಾಯಿಗೆ ಎರಡು ಸಾವಿರದ ಮ್ಯಾಲೆ ಬರತೈತಿ. ಇದರಾಗ ಮೋಸ ಎಲ್ಲೈತ್ರಿ?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಮೋಸವೆಂದು ನಾನೂ ಹೇಳಲಾರೆ. ಎಲ್ಲವೂ ಕಣ್ಣೆದುರಿಗೇ ಇದೆ. ಗುಣಿಸಿ ನೋಡುವವರಿಲ್ಲ, ಅಷ್ಟೆ.

ನಾಣ್ಯ ಚಿಮ್ಮುವುದನ್ನೇ ತೆಗೆದುಕೊಳ್ಳೋಣ. ನ್ಯಾಯವಾದ ದರ 2. ಬುಕ್ಕಿ ಕೊಡುವುದು 1.90 ಎಂದಿಟ್ಟುಕೊಳ್ಳಿ. ದೀರ್ಘಕಾಲದಲ್ಲಿ ನೂರು ರೂಪಾಯಿಗೆ ಐದು ಅವನಲ್ಲಿ ಉಳಿಯುತ್ತದೆ. ಐದು ಚಿಮ್ಮುಗಳನ್ನು ಪೋಣಿಸಿದರೆ 1.90ನ್ನು ಐದು ಬಾರಿ ಗುಣಿಸಬೇಕು; ಸುಮಾರು 24.76. ನೂರಕ್ಕೆ 2,476 ರೂಪಾಯಿ! ಆದರೆ 2ನ್ನು ಐದು ಬಾರಿ ಗುಣಿಸಿದರೆ 32; ನ್ಯಾಯವಾಗಿ ಬರಬೇಕಾದದ್ದು 3,200. ಈಗ ನೂರರಲ್ಲಿ ಅವನ ಪಾಲು ಐದಲ್ಲ, ಇಪ್ಪತ್ತೆರಡಕ್ಕೂ ಹೆಚ್ಚು. ಹತ್ತನ್ನು ಪೋಣಿಸಿದರೆ ಸುಮಾರು ನಲವತ್ತು. ಒಂದೇ ಎತ್ತನ್ನು ಐದು ಸಂತೆಗಳಲ್ಲಿ ಮಾರಿ, ಕೊಂಡು, ಪ್ರತಿ ಸಂತೆಯಲ್ಲೂ ದಲಾಲಿ ತೆತ್ತಂತೆ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಓಸಿ ಎಂದರೆ ಓಪನ್ ಮತ್ತು ಕ್ಲೋಸ್. ಎರಡು ಅಂಕಿಗಳನ್ನು ಕೂಡಿಸಿದರೆ ಜೋಡಿ. ಅದೂ ಒಂದು ಮಲ್ಟಿಯೇ. 00ಯಿಂದ 99ರವರೆಗೆ ನೂರು ಜೋಡಿಗಳು. ನಮ್ಮ ಭಾಗದ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ 'ಒಂದು ರೂಪಾಯಿಗೆ 80 ರೂಪಾಯಿ' ಎಂಬ ಮಾತನ್ನು ಎಷ್ಟು ಬಾರಿ ಓದಿಲ್ಲ! ನೂರು ಬರಬೇಕಾದಲ್ಲಿ ಎಂಬತ್ತು. (ಮಟಕಾ ಹುಟ್ಟಿದ್ದು ಮುಂಬಯಿಯಲ್ಲಿ, ನ್ಯೂಯಾರ್ಕಿನ ಹತ್ತಿ ದರದ ಅಂಕಿಗಳ ಮೇಲೆ. ಹತ್ತಿ ಬೆಳೆದವನಿಗೆ ದರ ಸಿಗದಿದ್ದರೂ ಅಂಕಿ ಸಿಕ್ಕಿತು.)

ಆದರೆ ದಲಾಲಿಗಿಂತ ನನ್ನನ್ನು ಕಾಡುವುದು ಬೇರೆ. ಐದು ಚಿಮ್ಮುಗಳಿಗೆ 32 ಬಗೆಯ ಫಲಿತಾಂಶಗಳು. ಐದೂ ಸರಿಯಾಗುವುದು ಒಂದರಲ್ಲಿ ಮಾತ್ರ. ನಾಲ್ಕು ಸರಿಯಾಗಿ ಒಂದು ತಪ್ಪುವುದು ಐದರಲ್ಲಿ. ಅಂದರೆ ಗೆಲುವಿಗಿಂತ 'ಒಂದರಾಗ ಹೋತು' ಎಂಬುದು ಐದು ಪಟ್ಟು ಹೆಚ್ಚು. ಹುಡುಗನಿಗೆ ಅದು ಸೋಲೆಂದು ತೋರುವುದಿಲ್ಲ, ತನ್ನ ಜಾಣತನಕ್ಕೆ ಸಾಕ್ಷಿಯೆಂದು ತೋರುತ್ತದೆ. ಮರುದಿನ ಮತ್ತೆ ಕಟ್ಟುತ್ತಾನೆ. ಕಬ್ಬಿನ ಬಿಲ್ಲಿನ ಹಣ, ತಾಯಿ ಸಂಘದಲ್ಲಿ ಎತ್ತಿದ ಸಾಲ ಈ 'ಒಂದರಾಗ' ಕರಗಿದ ಮನೆಗಳನ್ನು ನೀವೂ ಬಲ್ಲಿರಿ.

ಕಾನೂನು ಬೇಕೆನ್ನುವವರಲ್ಲಿ ನಾನೂ ಒಬ್ಬ. ಆನ್‌ಲೈನ್ ಜೂಜನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದೇ. ಆದರೆ ಓಸಿ ದಶಕಗಳಿಂದ ಅಪರಾಧವೇ ಆಗಿದೆ. ಚೀಟಿ ಬರೆಯುವವನ ಕೈ ನಿಂತಿದೆಯೇ?

ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆಯ ಪಾಠವಿದೆ. ನಾಣ್ಯ, ದಾಳ, ಇಸ್ಪೀಟು ಎಲ್ಲವೂ ಅಲ್ಲಿವೆ, ಹಣವೊಂದನ್ನು ಬಿಟ್ಟು. ಮಕ್ಕಳು ಕೆಡುತ್ತಾರೆಂಬ ಅಂಜಿಕೆಯಿಂದ ನಾವು ಅದನ್ನು ತರಗತಿಯ ಹೊರಗಿಡುತ್ತೇವೆ. ಹೊರಗೆ ಕಲಿಸುವವರು ಕಾದಿದ್ದಾರೆ. ಈಗ ಶಾಲೆಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಆ ಪಾಠದ ಕೊನೆಯಲ್ಲಿ ಒಂದು ಅವಧಿಯನ್ನು ಇದಕ್ಕೆ ಕೊಡಿ. ಮಕ್ಕಳ ಕೈಗೇ ಒಂದೊಂದು ನಾಣ್ಯ ಕೊಟ್ಟು ಐದು ಬಾರಿ ಚಿಮ್ಮಿಸಿ. ಐದೂ ಸರಿ ಬಂದವರನ್ನು ಬಲಗಡೆ, ನಾಲ್ಕು ಬಂದವರನ್ನು ಎಡಗಡೆ ನಿಲ್ಲಿಸಿ, ಎರಡು ಸಾಲುಗಳನ್ನೂ ಮಕ್ಕಳಿಂದಲೇ ಎಣಿಸಿರಿ.