ಆ ಪಟ್ಟಿ ಪೊಲೀಸರ ಬಳಿಯೇ ಇರಲಿ, ಆದರೆ ಕೆಲಸ ಮಾಡಲಿ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲ ಹಳೆಯ ಬೇಡಿಕೆಯೊಂದು ಮತ್ತೆ ತಲೆ ಎತ್ತುತ್ತದೆ. ಲೈಂಗಿಕ ಅಪರಾಧಿಗಳ ಹೆಸರು, ಫೋಟೊ, ಮನೆ ವಿಳಾಸ ಎಲ್ಲವನ್ನೂ ಅಮೆರಿಕದಲ್ಲಿರುವಂತೆ ಇಲ್ಲಿಯೂ ಅಂತರ್ಜಾಲದಲ್ಲಿ ಹಾಕಬೇಕು, ಯಾರು ಬೇಕಾದರೂ ಹುಡುಕಿ ನೋಡುವಂತಿರಬೇಕು ಎನ್ನುವ ಬೇಡಿಕೆ ಅದು. ಕೇಳುವವರ ಭಯ ಸುಳ್ಳಲ್ಲ. ಹೊಸ ಊರಿನಲ್ಲಿ ಬಾಡಿಗೆ ಮನೆ ಹಿಡಿದು, ನೆರೆಯವರ ಮುಖಪರಿಚಯವೂ ಇಲ್ಲದೆ, ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಕೆಲಸಕ್ಕೆ ಓಡುವ ತಂದೆತಾಯಿಗೆ ಅಷ್ಟು ಭಯ ಸಹಜ. ಆದರೆ ಆ ಬೇಡಿಕೆ ಈಡೇರಿದರೆ ಮೊದಲ ಪೆಟ್ಟು ಬೀಳುವುದು ಮಕ್ಕಳಿಗೇ.

ಭಾರತದಲ್ಲಿ ಇಂಥ ಪಟ್ಟಿಯೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಇದೆ. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು ಶುರುಮಾಡಿತು. ಅದನ್ನು ನೋಡಿಕೊಳ್ಳುವುದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ. ಆರಂಭದ ದಿನವೇ ಅದರಲ್ಲಿ 4.4 ಲಕ್ಷ ನಮೂದುಗಳಿದ್ದವು. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ ಪ್ರಕರಣಗಳಲ್ಲಿ ಮತ್ತು ಹೆಣ್ಣುಮಕ್ಕಳನ್ನು ಚುಡಾಯಿಸಿದ ಪ್ರಕರಣಗಳಲ್ಲಿ ಶಿಕ್ಷೆಯಾದವರ ವಿವರ ಅಲ್ಲಿದೆ. ನೋಡುವ ಅಧಿಕಾರ ಇರುವುದು ಪೊಲೀಸರಿಗೆ ಮತ್ತು ತನಿಖಾ ಸಂಸ್ಥೆಗಳಿಗೆ ಮಾತ್ರ. ಸಾಮಾನ್ಯ ನಾಗರಿಕರು ಅದರಲ್ಲಿ ಹುಡುಕಲು ಆಗುವುದಿಲ್ಲ.

ಅಮೆರಿಕದ ವ್ಯವಸ್ಥೆ ಬೇರೆ. ರಾಜ್ಯಗಳು ಇಂಥ ಪಟ್ಟಿ ಇಡಬೇಕೆಂದು 1994ರ ಕೇಂದ್ರ ಕಾನೂನು ಹೇಳಿತು. 1996ರ ಮೇಗನ್ಸ್ ಲಾ ಅದನ್ನು ಜನರ ಮುಂದಿಡುವಂತೆ ಮಾಡಿತು. 2006ರ ಆಡಮ್ ವಾಲ್ಶ್ ಕಾಯ್ದೆ ಅಪರಾಧಿಗಳನ್ನು ಮೂರು ಶ್ರೇಣಿಗೆ ಹಂಚಿ, ಪಟ್ಟಿಯಲ್ಲಿರಬೇಕಾದ ಅವಧಿಯನ್ನು 15 ವರ್ಷ, 25 ವರ್ಷ, ಜೀವನಪರ್ಯಂತ ಎಂದು ಗೊತ್ತುಮಾಡಿತು. ರಾಜ್ಯಗಳ ಪಟ್ಟಿಗಳನ್ನೆಲ್ಲ ಒಟ್ಟಿಗೆ ಹುಡುಕಲು ಕೇಂದ್ರ ನ್ಯಾಯ ಇಲಾಖೆಯ ಜಾಲತಾಣವೊಂದಿದೆ. ಹೆಸರು, ಊರು ಅಥವಾ ಅಂಚೆ ಸಂಖ್ಯೆ ಕೊಟ್ಟರೆ ಸಾಕು. ಮನೆಯ ವಿಳಾಸ ಕೊಟ್ಟರೆ ಸುತ್ತಮುತ್ತಲ ಮೂರು ಮೈಲಿಯೊಳಗೆ ಯಾರಿದ್ದಾರೆಂದು ತೋರಿಸುತ್ತದೆ. ಏಳು ಲಕ್ಷಕ್ಕಿಂತ ಹೆಚ್ಚು ಜನ ಆ ದೇಶದ ಪಟ್ಟಿಗಳಲ್ಲಿದ್ದಾರೆ.

ಇಷ್ಟು ಮಾಡಿದ ಮೇಲೆ ಅಲ್ಲಿನ ಮಕ್ಕಳು ಹೆಚ್ಚು ಸುರಕ್ಷಿತರಾದರೇ? ಮೇಗನ್ಸ್ ಲಾ ಹುಟ್ಟಿದ ನ್ಯೂಜೆರ್ಸಿಯಲ್ಲೇ ನಡೆದ ಅಧ್ಯಯನದ ವರದಿ 2008ರಲ್ಲಿ ಬಂತು. ಅಪರಾಧ ಮರುಕಳಿಸುವುದಾಗಲಿ, ಬಲಿಯಾದವರ ಸಂಖ್ಯೆಯಾಗಲಿ ಆ ಕಾನೂನಿನಿಂದ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. 2011ರಲ್ಲಿ ಜೆ. ಜೆ. ಪ್ರೆಸ್ಕಾಟ್ ಮತ್ತು ಜೋನಾ ರಾಕಾಫ್ 15 ರಾಜ್ಯಗಳ ಅಂಕಿಅಂಶ ಹಿಡಿದು ಇನ್ನೂ ಮುಖ್ಯವಾದ ವ್ಯತ್ಯಾಸವೊಂದನ್ನು ತೋರಿಸಿದರು. ಅಪರಾಧಿಯ ವಿವರ ಪೊಲೀಸರ ಬಳಿ ಇದ್ದಾಗ ಅಪರಾಧ ಕಡಿಮೆಯಾಗುತ್ತದೆ. ಅದೇ ವಿವರವನ್ನು ಜನರ ಮುಂದೆ ಹರವಿದಾಗ ಹೊಸಬರು ಸ್ವಲ್ಪ ಹೆದರಬಹುದು. ಆದರೆ ಆಗಲೇ ಪಟ್ಟಿಯಲ್ಲಿರುವವರು ಮತ್ತೆ ಅಪರಾಧ ಮಾಡುವ ಸಾಧ್ಯತೆ ಹೆಚ್ಚುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಮನೆ, ಕೆಲಸ, ನೆಂಟಸ್ತಿಕೆ ಎಲ್ಲ ಹೋದವನಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಶಾಲೆ, ಪಾರ್ಕುಗಳಿಂದ ಇಷ್ಟು ದೂರ ಇರಬೇಕೆಂಬ ನಿಯಮಗಳು ಬಿಗಿಯಾಗಿ, ಮಯಾಮಿಯಲ್ಲಿ ಶಿಕ್ಷೆ ಮುಗಿಸಿದವರು ವರ್ಷಗಟ್ಟಲೆ ಸೇತುವೆಯೊಂದರ ಕೆಳಗೆ ಬೀಡುಬಿಟ್ಟಿದ್ದರು. 1994ರ ಕಾನೂನು ಹೊತ್ತಿರುವುದು ಮಿನೆಸೋಟದಲ್ಲಿ ಅಪಹರಣವಾದ ಬಾಲಕನೊಬ್ಬನ ಹೆಸರನ್ನು. ಅದಕ್ಕಾಗಿ ಹೋರಾಡಿದ ಅವನ ತಾಯಿ ಪ್ಯಾಟಿ ವೆಟರ್ಲಿಂಗ್ ಅವರೇ ಮುಂದೆ ಇಂಥ ಕಾನೂನುಗಳು ಹಿಡಿದ ದಾರಿಯನ್ನು ಬಹಿರಂಗವಾಗಿ ಪ್ರಶ್ನಿಸಿದರು.

ಅಮೆರಿಕದಲ್ಲೇ ಹೀಗಾದರೆ ಇಲ್ಲಿ ಇನ್ನೂ ಕೆಡುಕಾಗಲು ಗಟ್ಟಿ ಕಾರಣಗಳಿವೆ. ಎನ್‌ಸಿಆರ್‌ಬಿಯ ವರ್ಷವರ್ಷದ ವರದಿಗಳನ್ನು ತೆರೆದರೆ, ಅತ್ಯಾಚಾರ ಪ್ರಕರಣಗಳ ಪೈಕಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ಮನೆಯವನು, ಬಂಧು, ನೆರೆಯವನು, ಗೆಳೆಯ, ಕೆಲಸ ಕೊಟ್ಟವನು. ಈಗ ತಂದೆಯಿಂದಲೇ ನೊಂದ ಮಗುವೊಂದನ್ನು ನೆನೆಯಿರಿ. ತಂದೆಯ ಹೆಸರು, ಫೋಟೊ, ವಿಳಾಸ ಅಂತರ್ಜಾಲಕ್ಕೆ ಬಂದ ದಿನ ಆ ಓಣಿಯ ಪ್ರತಿಯೊಬ್ಬರಿಗೂ, ಶಾಲೆಯ ಪ್ರತಿ ಸಹಪಾಠಿಗೂ ಆ ಮಗು ಯಾರೆಂದು ತಿಳಿಯುತ್ತದೆ. ಸಂತ್ರಸ್ತರ ಗುರುತು ಹೊರಬೀಳದಂತೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮತ್ತು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಕಾವಲು ನಿಂತಿವೆ. ಪತ್ರಿಕೆಯೊಂದು ಆ ಗುರುತು ಅಚ್ಚುಮಾಡಿದರೆ ಅಪರಾಧ. ಅದನ್ನೇ ಸರ್ಕಾರ ತನ್ನ ಜಾಲತಾಣದಲ್ಲಿ ಜೀವನಪರ್ಯಂತ ಮಾಡಬೇಕೆಂದು ಕೇಳುವುದು ಯಾವ ನ್ಯಾಯ?

ಈ ಭಯ ದೂರಿಗೂ ತಡೆಯಾಗುತ್ತದೆ. ಮಾವನೋ ಚಿಕ್ಕಪ್ಪನೋ ತಪ್ಪಿತಸ್ಥನಾದಾಗ ಮನೆತನದ ಮಾನದ ಹೆಸರಿನಲ್ಲಿ ಮಗುವಿನ ಬಾಯಿ ಮುಚ್ಚಿಸುವುದು ಈಗಲೂ ನಡೆದೇ ಇದೆ. ಇಡೀ ಊರಿಗೆ ಫೋಟೊ ಕಾಣುತ್ತದೆ ಎಂದಾದರೆ ಠಾಣೆಯ ಮೆಟ್ಟಿಲು ಹತ್ತಲು ಹೊರಟ ತಾಯಿಯನ್ನು ಅತ್ತೆ, ಭಾವ, ಊರ ಹಿರಿಯರು ಸೇರಿ ಬಾಗಿಲಲ್ಲೇ ತಡೆಯುತ್ತಾರೆ. ಪಟ್ಟಿ ಸೇರುವುದು ಶಿಕ್ಷೆಯಾದ ಮೇಲೆ. 2019ರಲ್ಲಿ ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣ ಶೇ 28ರಷ್ಟನ್ನೂ ಮುಟ್ಟಲಿಲ್ಲ. ದೂರೇ ದಾಖಲಾಗದ ಪ್ರಕರಣಗಳ ಮಾತು ಬೇರೆ. ಹೀಗಿರುವಾಗ ಫೋನಿನಲ್ಲಿ ಹುಡುಕಿ, ನಮ್ಮ ಬಡಾವಣೆಯಲ್ಲಿ ಯಾರೂ ಇಲ್ಲ ಎಂದು ನಿಟ್ಟುಸಿರು ಬಿಡುವ ಪೋಷಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ.

ಗುಂಪಿನ ಕೈಗೆ ಹೆಸರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಈ ದತ್ತಾಂಶ ಕೋಶ ಶುರುವಾಗುವ ಎರಡು ತಿಂಗಳ ಮೊದಲು, 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಹಂಚಿದ್ದು, ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹರಿದ ಸುಳ್ಳು, ಇಷ್ಟೇ ಸಾಕಾಯಿತು. ಒಂದೇ ಹೋಬಳಿಯಲ್ಲಿ ಹತ್ತಾರು ಬಸವರಾಜ, ಮಂಜುನಾಥರಿರುವ ನಾಡಿನಲ್ಲಿ, ಮನೆ ಬದಲಿಸಿದವರ ಹಳೆಯ ವಿಳಾಸ ವರ್ಷಗಟ್ಟಲೆ ಸರ್ಕಾರಿ ದಾಖಲೆಯಲ್ಲಿ ಉಳಿಯುವ ದೇಶದಲ್ಲಿ, ಸರ್ಕಾರದ ಮುದ್ರೆಯಿರುವ ಫೋಟೊವೊಂದು ಅದೇ ವಾಟ್ಸಾಪ್‌ಗೆ ಬಿದ್ದರೆ ಹೊಡೆತ ಯಾರ ಮೈಮೇಲೆ ಬೀಳುತ್ತದೆಂದು ಹೇಳಬಲ್ಲವರಿಲ್ಲ.

ಮಗುವಿನ ಸುರಕ್ಷತೆಗಿಂತ ಅಪರಾಧಿಯ ಖಾಸಗಿತನ ದೊಡ್ಡದೇ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಖಂಡಿತ ದೊಡ್ಡದಲ್ಲ. ಅದಕ್ಕಾಗಿಯೇ ಪಟ್ಟಿಯನ್ನು ಉಪಯೋಗಕ್ಕೆ ಬರುವ ಕಡೆ ಬಳಸಬೇಕು. ಬ್ರಿಟನ್ನಿನ ಪಟ್ಟಿ 1997ರ ಕಾನೂನಿನಿಂದ ಬಂದದ್ದು. ಅದನ್ನು ಜನರ ಮುಂದಿಟ್ಟಿಲ್ಲ. ಆದರೆ ಮಗುವಿನ ಸಂಪರ್ಕದಲ್ಲಿರುವ ಇಂಥ ವ್ಯಕ್ತಿಯ ಬಗ್ಗೆ ಆತಂಕವಿದೆ ಎಂದು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಯಾರು ಬೇಕಾದರೂ ಪೊಲೀಸರನ್ನು ಕೇಳಬಹುದು. ಅಪಾಯ ಕಂಡರೆ ಪೊಲೀಸರು ಆ ಮಗುವಿನ ಪೋಷಕರಿಗೆ ಗುಟ್ಟಾಗಿ ತಿಳಿಸುತ್ತಾರೆ. ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲಿಸಲು ಪ್ರತ್ಯೇಕ ಸರ್ಕಾರಿ ಸಂಸ್ಥೆಯೇ ಇದೆ. ನಿಷೇಧಕ್ಕೊಳಗಾದವನನ್ನು ಗೊತ್ತಿದ್ದೂ ಅಂಥ ಕೆಲಸಕ್ಕೆ ತೆಗೆದುಕೊಂಡ ಸಂಸ್ಥೆಯೂ ಅಪರಾಧಿಯಾಗುತ್ತದೆ.

ಇಲ್ಲಿಯೂ ಅದಕ್ಕೆ ಬುನಾದಿ ಇದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರ ಹೀಗೆ ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಪ್ರತಿ ಸಂಸ್ಥೆಯೂ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಲೇಬೇಕು. ಕಾಯಂ ನೌಕರರಷ್ಟೇ ಅಲ್ಲ, ಗುತ್ತಿಗೆಯವರೂ ಇದರಲ್ಲಿ ಬರುತ್ತಾರೆ. ಕೇಳಬೇಕಾದದ್ದು ಈ ನಿಯಮ ಮತ್ತು ಆ ದತ್ತಾಂಶ ಕೋಶಕ್ಕೆ ನೇರ ಕೊಂಡಿ. ಶಾಲೆ ಹೆಸರು, ಗುರುತಿನ ದಾಖಲೆ ಕೊಡಲಿ. ಪೊಲೀಸರು ಎಲ್ಲ ರಾಜ್ಯಗಳ ದಾಖಲೆ ನೋಡಿ ಗೊತ್ತಾದ ದಿನಗಳೊಳಗೆ, ಈತ ಮಕ್ಕಳ ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂದಷ್ಟೇ ಉತ್ತರಿಸಲಿ. ಪರಿಶೀಲನೆಯಿಲ್ಲದೆ ಕೆಲಸ ಕೊಟ್ಟ ಆಡಳಿತ ಮಂಡಳಿಗೆ ದಂಡ ಬೀಳಲಿ.

ಹಿಂದೆ ಶಿಕ್ಷೆಯೇ ಆಗದವನನ್ನು ಯಾವ ಪಟ್ಟಿಯೂ ಹಿಡಿಯದು. 2024ರ ಆಗಸ್ಟಿನಲ್ಲಿ ಬದ್ಲಾಪುರದ ಶಾಲೆಯಲ್ಲಿ ಇಬ್ಬರು ಪುಟ್ಟ ಹುಡುಗಿಯರ ಮೇಲೆ ದೌರ್ಜನ್ಯವಾದಾಗ ಜನ ರೈಲು ಹಳಿಯ ಮೇಲೆ ಕುಳಿತರು. ಬಾಂಬೆ ಹೈಕೋರ್ಟ್ ಗದರಿದ್ದು ದೂರು ಕೊಡದೆ ಸುಮ್ಮನಿದ್ದ ಶಾಲೆಯನ್ನು ಮತ್ತು ಎಫ್‌ಐಆರ್ ತಡಮಾಡಿದ ಪೊಲೀಸರನ್ನು. ಮಗು ಹೇಳಿದ್ದನ್ನು ನಂಬುವುದು, 1098ಕ್ಕೆ ಕರೆ ಮಾಡುವುದು, ಅದೇ ದಿನ ದೂರು ಬರೆಸುವುದು, ಇವಕ್ಕೆ ಬದಲಿಯಾಗಿ ನಿಲ್ಲುವ ಜಾಲತಾಣ ಯಾವುದೂ ಇಲ್ಲ.

ಮುಂಬೈ, ಪುಣೆ, ಚೆನ್ನೈ, ದೆಹಲಿಗಳ ಕನ್ನಡ ಸಂಘಗಳೂ ಬೇಸಿಗೆ ಶಿಬಿರ, ಯಕ್ಷಗಾನ ತರಗತಿ, ಭಾನುವಾರದ ಕನ್ನಡ ಪಾಠ ನಡೆಸುತ್ತವೆ. ನಮ್ಮವರೇ ತಾನೆ ಎಂಬ ವಿಶ್ವಾಸದ ಮೇಲೆ ಅಲ್ಲಿ ಮಕ್ಕಳನ್ನು ಬಿಟ್ಟುಬರುತ್ತಾರೆ. ದೌರ್ಜನ್ಯ ನಡೆಯುವುದು ಹೆಚ್ಚಾಗಿ ಅಂಥ ವಿಶ್ವಾಸದ ನೆರಳಿನಲ್ಲಿ. ಕಲಿಸುವವರ, ಅಡುಗೆಯವರ, ಬಸ್ಸಿನವರ ಪೊಲೀಸ್ ಪರಿಶೀಲನೆ ಆಗಿದೆಯೇ, ಮಗು ದೂರು ಹೇಳಬೇಕೆಂದರೆ ಯಾರ ಬಳಿ ಹೋಗಬೇಕು ಎಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಪೋಷಕರು ಎದ್ದು ನಿಂತು ಕೇಳಲಿ. ಕಾರ್ಯದರ್ಶಿಗೆ ಮುಜುಗರವಾದೀತು. ಆಗಲಿ.